ಮನ್ರೋದಲ್ಲೊಂದು ಮೊರಾಕೊ ಬಚ್ಚಲುಮನೆ

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಜಲಪಾತದ ಮುಂದೆ ರೇನ್‌ಕೋಟ್ ಹಾಕಿಕೊಂಡು ನಿಂತ ಫೋಟೊ ತೋರಿಸುತ್ತಾರೆ. ನನ್ನ ಹತ್ತಿರ ಇರುವುದು ಒಂದು ಬಚ್ಚಲುಮನೆಯ ಫೋಟೊ. ನೋಡಿದವರು, “ಅಷ್ಟು ದೂರ ಹೋಗಿ ಇದನ್ನಾ ತೆಗೆಸಿಕೊಂಡು ಬಂದಿದ್ದು?” ಎಂದು ನಗುತ್ತಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೈಸೂರಿನ ಮಂಡಿ ಮೊಹಲ್ಲಾದ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಆಮೇಲೆ ಗಾರೆ ಮೇಸ್ತ್ರಿಯೊಬ್ಬರನ್ನು ಮದುವೆಯಾಗಿ, ಅವರು ಇದ್ದಷ್ಟು ಕಾಲವೂ ಅವರ ಜೊತೆ ಸುಣ್ಣ ಕಲಸಿದೆ. ಹೀಗಾಗಿ ಅಮೆರಿಕದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಗೋಡೆ, ನೆಲ, ಸೂರು. ಉಳಿದದ್ದನ್ನು ಉಳಿದವರು ಬರೆಯಲಿ. ನಮ್ಮ ಮನೆಮಾತು ಉರ್ದು. ಮಗಳು, ಅಳಿಯ, ಮೊಮ್ಮಗಳ ಮಾತನ್ನು ಇಲ್ಲಿ ಕನ್ನಡ ಮಾಡಿಕೊಂಡಿದ್ದೇನೆ.

ವುಡ್‌ಬ್ರಿಡ್ಜ್

ಮಗಳು ರೆಹಾನಾ ಇರುವುದು ನ್ಯೂಯಾರ್ಕಿನ ಪಕ್ಕದ ವುಡ್‌ಬ್ರಿಡ್ಜ್‌ನಲ್ಲಿ. ಅಳಿಯ ಸಲೀಂ ಅಲ್ಲೇ ಹತ್ತಿರ ಸೂಟ್‌ಕೇಸ್ ಅಂಗಡಿ ಇಟ್ಟಿದ್ದಾನೆ. ಹೋದ ದಿನವೇ ನಾನು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದೆ. ಖಾಲಿ ಡಬ್ಬದ ಸದ್ದು ಬಂತು.

“ಇದೇನೇ ರಟ್ಟಿನ ಮನೆ!”

“ಇಲ್ಲಿ ಎಲ್ಲಾರ ಮನೇನೂ ಹೀಗೇ ಅಮ್ಮಿ. ಒಳಗೆ ಮರ, ಮೇಲೆ ಬೋರ್ಡು. ಬಂದ ದಿನಾನೇ ಶುರು ಮಾಡ್ಬೇಡ.”

ಆದರೆ ಒಪ್ಪಬೇಕಾದದ್ದನ್ನು ಒಪ್ಪುತ್ತೇನೆ. ಆ ರಟ್ಟಿನ ಮನೆಯ ಬಾಗಿಲು ಹಾಕಿದರೆ ಹೊರಗಿನ ಚಳಿ ಒಂದೆಳೆಯೂ ಒಳಗೆ ಬರುವುದಿಲ್ಲ. ಅಂಗಳದಲ್ಲಿ ಹಿಮ ಬಿದ್ದಿರುತ್ತದೆ, ಒಳಗೆ ಬರಿಗಾಲಲ್ಲಿ ಓಡಾಡಬಹುದು. ನಾವು ಒಂದಡಿ ದಪ್ಪದ ಗೋಡೆ ಎಬ್ಬಿಸಿ, ಕಿಟಕಿಯ ಸಂದಿಗೆ ಹಳೇ ಬಟ್ಟೆ ತುರುಕುವ ಜನ.

ಮೊಮ್ಮಗಳು ಝೋಯಾ ಅಲ್ಲೇ ಹುಟ್ಟಿದವಳು. ಮನೆಯನ್ನು ಒಳಗಿನಿಂದ ಅಂದಗಾಣಿಸುವ ವಿದ್ಯೆ ಓದಿ ಮ್ಯಾನ್‌ಹಟನ್ನಿನ ಒಂದು ಆಫೀಸಿನಲ್ಲಿದ್ದಳು. ನಾನು ಹೋದದ್ದು ಅಮೆರಿಕದ ಬ್ಯಾಂಕುಗಳು ಮುಗ್ಗರಿಸಿದ ಮರುವರ್ಷ. ಬ್ಯಾಂಕಿನವರ ಕೆಲಸ ಹೋದ ಮೇಲೆ ಅವರ ಮನೆಗೆ ಬಣ್ಣ ಆರಿಸುವವರ ಕೆಲಸ ಉಳಿಯುತ್ತದೆಯೇ? ಝೋಯಾಳ ಆಫೀಸೇ ಮುಚ್ಚಿತು. ಹುಡುಗಿ ಹಗಲಿಡೀ ಪೈಜಾಮದಲ್ಲಿ ಕುಳಿತು ಪುಸ್ತಕದ ಚಿತ್ರ ನೋಡುತ್ತಿದ್ದಳು. ಬೆಳ್ಳಗಿನ ಗೋಡೆ, ನೀಲಿ ಬಾಗಿಲು, ಗೋಡೆಗೆ ಹಾಕುವ ಬಣ್ಣದ ಹೆಂಚು.

“ಇದೆಲ್ಲಾ ಮೆಡಿಟರೇನಿಯನ್, ನಾನಿ. ಒಂದು ಸೀ. ಸುತ್ತಾ ಇಟಲಿ, ಗ್ರೀಸ್, ಸ್ಪೇನ್, ಮೊರಾಕೊ.”

ಆ ಕಡೆಯ ಶೋಕಿ ಮನೆಗಳ ಮೇಲೆ ಅವಳಿಗೆ ಜೀವ. ಅದೇ ಹುಚ್ಚಿನ ಇನ್ನೊಬ್ಬಾಕೆ ಅವಳಿಗೆ ಸಿಕ್ಕಿದ್ದರು, ಹತ್ತಿರದ ಊರಾದ ಮನ್ರೋದ ಶೈಲಾ. ಬಸವನಗುಡಿಯವರು. ಅವರ ಬಚ್ಚಲುಮನೆ ಒಡೆದು ಕಟ್ಟಬೇಕಿತ್ತು. ಝೋಯಾಳನ್ನು ಕರೆದುಕೊಂಡು ಆ ಸಮುದ್ರದ ಸುತ್ತ ಹದಿನೈದು ದಿನ ತಿರುಗಿ, ಬೇಕಾದ್ದನ್ನು ಅಲ್ಲೇ ಆರಿಸಿ ತರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅವರ ಗಂಡ ಶ್ರೀಧರ್ ಅವರ ಬ್ಯಾಂಕಿನ ಕೆಲಸವೂ ಹೋಯಿತು. ಬಚ್ಚಲು ಆಗಲೇ ಒಡೆದಾಗಿತ್ತು. ಶೈಲಾ ಫೋನಿನಲ್ಲಿ ಹೇಳಿದರಂತೆ: “ನಾವು ಅಲ್ಲಿಗೆ ಹೋಗೋಕಾಗಲ್ಲ. ನೀನೇ ಅದನ್ನ ಇಲ್ಲಿಗೆ ತಗೊಂಡು ಬಾ.”

ಸ್ವಂತ ಹೆಸರಿನಲ್ಲಿ ಝೋಯಾ ಹಿಡಿದ ಮೊದಲ ಕೆಲಸ ಅದು. ಸಲೀಂ ಊಟದ ಮೇಜಿನಲ್ಲೇ ತೀರ್ಪು ಕೊಟ್ಟ: “ಇದೊಂದು ಮುಗಿಸು. ಇದನ್ನ ನೋಡಿ ಇನ್ನೊಂದು ಬಂದ್ರೆ ಸರಿ. ಬರ್ಲಿಲ್ಲ ಅಂದ್ರೆ ಸುಮ್ನೆ ಅಂಗಡೀಲಿ ಕೌಂಟರ್‌ಗೆ ಕೂತ್ಕೋ.”

ಝೋಯಾ, “ಓಕೆ ಅಬ್ಬಾ” ಅಂದಳು. ಅನ್ನವನ್ನು ಮಾತ್ರ ಹಾಗೇ ಬಿಟ್ಟು ಎದ್ದಳು.

ಮರುದಿನ ಅವಳು ಹೊರಟಾಗ ನಾನೂ ಚಪ್ಪಲಿ ಮೆಟ್ಟಿದೆ.

ಮ್ಯಾನ್‌ಹಟನ್

ರೈಲಿನಲ್ಲಿ ಹೋಗಿ, ನೆಲದೊಳಗಿನ ಇನ್ನೊಂದು ರೈಲು ಹತ್ತಿ, ಮೇಲೆ ಬಂದಾಗ ಒಂದು ಹೆಂಚಿನ ಶೋರೂಮಿನ ಮುಂದಿದ್ದೆವು. ನಮ್ಮಲ್ಲಿ ಹೆಂಚಿನ ಅಂಗಡಿಯೆಂದರೆ ಧೂಳು, ಹುಲ್ಲು, ಲಾರಿ. ಇಲ್ಲಿ ಒಂದೊಂದು ಹೆಂಚಿಗೂ ಒಂದೊಂದು ದೀಪ. ಒಡವೆ ಅಂಗಡಿಯ ಹಾಗೆ. ಗಿರಾಕಿಗಳು ಮಾತ್ರ ನಾವಿಬ್ಬರೇ. ಕೋಟು ತೊಟ್ಟ ಮುದುಕನೊಬ್ಬ ಮೇಜಿನ ಹಿಂದೆ ಕೈ ಕಟ್ಟಿ ನಿಂತಿದ್ದ.

ಝೋಯಾ ಒಂದು ಹಸಿರು ಹೆಂಚನ್ನು ಮಗುವಿನ ಹಾಗೆ ಎತ್ತಿಕೊಂಡು, “ಫೀಲ್ ಇಟ್, ನಾನಿ” ಎಂದು ನನ್ನ ಕೈಗಿಟ್ಟಳು. ಬಣ್ಣ ಚೆನ್ನಾಗಿತ್ತು. ಸುಟ್ಟಿರುವುದು ಹೇಗೋ ನೋಡಬೇಕಲ್ಲ. ಬೆನ್ನು ಮಗುಚಿ ನಾಲಿಗೆಯಿಂದ ನೆಕ್ಕಿದೆ.

“ನಾನಿ! ಓ ಮೈ ಗಾಡ್!”

ಅದರಲ್ಲಿ ದೇವರನ್ನು ಕರೆಯುವುದೇನಿದೆ? ಸರಿಯಾಗಿ ಬೇಯದ ಮಣ್ಣು ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ. ಅಂಥ ಹೆಂಚು ಬಚ್ಚಲಿನಲ್ಲಿ ನೀರು ಕುಡಿಯುತ್ತದೆ. ನಮ್ಮ ಯಜಮಾನರು ಹೆಂಚಿನ ಲೋಡು ಇಳಿಸುವ ಮೊದಲು ನಾಲ್ಕು ಕಡೆಯಿಂದ ತೆಗೆದು ನೆಕ್ಕಿ ನೋಡುತ್ತಿದ್ದರು.

ಮುದುಕ ಹತ್ತಿರ ಬಂದ. ಬೈಯುತ್ತಾನೆ ಎಂದುಕೊಂಡೆ. ಅವನು ಇನ್ನೊಂದು ಹೆಂಚು ತೆಗೆದು, ಬೆನ್ನು ತಿರುಗಿಸಿ, ತಾನೂ ನೆಕ್ಕಿದ. ಅವನ ಅಜ್ಜ ಸಿಸಿಲಿ ಎಂಬ ದ್ವೀಪದಲ್ಲಿ ಹೀಗೇ ಮಾಡುತ್ತಿದ್ದನಂತೆ, ಈ ಅಂಗಡಿಯಲ್ಲಿ ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ನೆಕ್ಕಿರಲಿಲ್ಲವಂತೆ. ಆಮೇಲೆ ಗುಟ್ಟು ಹೇಳುವವನ ಹಾಗೆ ದನಿ ತಗ್ಗಿಸಿ ಝೋಯಾಳಿಗೆ ಏನೋ ಹೇಳಿದ. ಅವಳ ಕಣ್ಣು ಅರಳಿತು.

“ಏನಂತೆ?”

“ಬಾತ್‌ರೂಮಿಗೆ ಟೈಲ್ಸೇ ಬೇಡ ಅಂತಾನೆ. ಅಸ್ಟೋರಿಯಾದಲ್ಲಿ ಒಬ್ಬ ಮೊರಾಕೊ ಮೇಸ್ತ್ರಿ ಇದ್ದಾನಂತೆ. ಬರೀ ಸುಣ್ಣದಲ್ಲಿ ಗೋಡೆ ಮಾಡ್ತಾನೆ, ವಾಟರ್‌ಪ್ರೂಫ್ ಅಂತೆ.”

ತನ್ನ ಅಂಗಡಿಯಲ್ಲಿ ನೊಣವೂ ಇಲ್ಲದಾಗ, ಬಂದ ಒಬ್ಬ ಗಿರಾಕಿಯನ್ನು ಬೇರೆಯವನ ಹತ್ತಿರ ಕಳಿಸುವ ಮನುಷ್ಯನನ್ನು ನಾನು ನಮ್ಮೂರಿನಲ್ಲಿ ಕಂಡಿಲ್ಲ.

ಅಸ್ಟೋರಿಯಾ

ಅಸ್ಟೋರಿಯಾ ನ್ಯೂಯಾರ್ಕಿನದೇ ಒಂದು ಭಾಗ. ಅಲ್ಲಿ ಗ್ರೀಕರು ಬಹಳ. ಮೇಸ್ತ್ರಿ ಇದ್ರಿಸ್ ಒಬ್ಬ ಗ್ರೀಕ್ ವಿಧವೆಯ ಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದ. ನಾವು ಹೋದಾಗ ಆ ಮನೆಯಾಕೆ, ಮೈತುಂಬ ಕಪ್ಪು ಬಟ್ಟೆ, ಹಿತ್ತಲಿನಲ್ಲಿ ಒಬ್ಬ ಮನುಷ್ಯನ ಬಟ್ಟೆ ಬಿಚ್ಚುತ್ತಿದ್ದಳು. ಹಾಗೆ ಕಂಡಿತು. ಹತ್ತಿರ ಹೋದರೆ ಅದು ಅಂಜೂರದ ಮರ. ಚಳಿಗಾಲ ಬರುವ ಮೊದಲೇ ಅದಕ್ಕೆ ಹಳೇ ಕಂಬಳಿ, ಗೋಣಿ, ಗಂಡನ ಓವರ್‌ಕೋಟು ಎಲ್ಲ ಸುತ್ತಿ, ನೆತ್ತಿಯ ಮೇಲೆ ಒಂದು ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ ನಿಲ್ಲಿಸಿದ್ದಳು, ಈಗ ಚಳಿ ಇಳಿದಿತ್ತೆಂದು ಬಿಚ್ಚುತ್ತಿದ್ದಳು. ಆ ಬೀದಿಯಲ್ಲಿ ಮನೆಮನೆಗೂ ಬಕೆಟ್ ಟೋಪಿಯ ಮರಗಳಿದ್ದವು. ಹುಟ್ಟಿದ ಊರಿನ ಹಣ್ಣು ಈ ಹಿಮದಲ್ಲಿ ಬದುಕುವುದಿಲ್ಲ ಎಂದು ಗೊತ್ತಿದ್ದೂ ವರ್ಷಾ ವರ್ಷಾ ಸುತ್ತಿ ಬಿಚ್ಚುತ್ತಾರೆ. ನಮ್ಮ ಮನೆಯ ಮುಂದಿನ ಸೀಬೆ ಗಿಡಕ್ಕೆ ನಾನು ಒಂದು ಚೊಂಬು ನೀರು ಹಾಕಿದ್ದು ನೆನಪಿಲ್ಲ.

ಆ ಹಿತ್ತಲಿನಲ್ಲೇ ಇತ್ತು ಕಲ್ಲಿನ ತೊಟ್ಟಿ. ಒಂದೇ ಬಿಳಿಕಲ್ಲಿನಲ್ಲಿ ಕೆತ್ತಿದ್ದು, ಅಂಚು ಕೈಯಾಡಿ ಸವೆದಿತ್ತು. ಒಳಗೆ ಪುದೀನ ಬೆಳೆದಿತ್ತು. ಝೋಯಾ ಅದರ ಮುಂದೆ ಮಂಡಿಯೂರಿ ಕುಳಿತುಬಿಟ್ಟಳು. ಇದೇ ಬೇಕು, ಶೈಲಾ ಆಂಟಿಯ ಕೈ ತೊಳೆಯುವ ಬೇಸಿನ್ ಇದೇ ಎಂದಳು.

ಮುದುಕಿ ಕೊಡುವುದಿಲ್ಲ ಎಂದಳು. ಒಳಗೆ ಕರೆದು ಇಷ್ಟೇ ಇಷ್ಟು ಲೋಟದಲ್ಲಿ ಗಸಿಯೇ ಅರ್ಧವಿದ್ದ ಕಾಫಿ ಕೊಟ್ಟಳು. ನನಗೆ ಎಷ್ಟು ಮಕ್ಕಳು ಎಂದು ಬೆರಳಿನಲ್ಲಿ ಕೇಳಿದಳು. ನಾನು ಒಂದು ಬೆರಳೆತ್ತಿದೆ. ಅವಳೂ ಒಂದು ಎತ್ತಿದಳು. ಆಮೇಲೆ ಎದ್ದು ಹೋಗಿ ಪುದೀನವನ್ನು ಬೇರು ಸಮೇತ ಕಿತ್ತು ಒಂದು ಪಾತ್ರೆಗೆ ಹಾಕಿ, ತೊಟ್ಟಿಯನ್ನು ಒಯ್ಯಿ ಎಂದು ಕೈಬೀಸಿದಳು.

ಒಯ್ಯುವುದು ಹೇಗೆ? ಇದ್ರಿಸ್, ಝೋಯಾ ಸೇರಿ ಎತ್ತಿದರೆ ಗೇಟಿನವರೆಗೆ ಬಂತು, ಅಲ್ಲಿ ಕೂತಿತು. ನ್ಯೂಯಾರ್ಕಿನ ಜನ ಎದುರು ಸಿಕ್ಕರೆ ಮುಖ ನೋಡುವುದಿಲ್ಲ, ನಕ್ಕರೆ ಅನುಮಾನ ಪಡುತ್ತಾರೆ. ಆದರೆ ಒಬ್ಬ ದಾರಿಹೋಕ ನಿಂತ, ತನ್ನ ಚೀಲವನ್ನು ನನ್ನ ಕೈಗೆ ಕೊಟ್ಟ, ಒಂದು ಮೂಲೆ ಹಿಡಿದ. ಇನ್ನಿಬ್ಬರು ಬಂದರು. ಹೇಗೆ ಎತ್ತಬೇಕೆಂದು ಒಬ್ಬರಿಗೊಬ್ಬರು ಬೈದಾಡಿಕೊಂಡೇ ತೊಟ್ಟಿಯನ್ನು ಇದ್ರಿಸನ ವ್ಯಾನಿಗೆ ಏರಿಸಿದರು. ಥ್ಯಾಂಕ್ಸ್ ಹೇಳೋಣವೆಂದರೆ ಆಗಲೇ ಮುಂದೆ ಹೋಗಿದ್ದರು. ಚೀಲದವನು ಮಾತ್ರ ವಾಪಸು ಬಂದ, ಚೀಲಕ್ಕೆ.

ಮನ್ರೋ

ಮನ್ರೋ ಎಂದರೆ ಹೊಸ ಮನೆಗಳ ಊರು. ನಮ್ಮವರು ಬಹಳ. ವಾರದ ನಡುವೆ, ಹಗಲು ಹನ್ನೊಂದು ಗಂಟೆಗೆ, ಗಂಡಸರು ಮನೆ ಮುಂದೆ ಕಾರು ತೊಳೆಯುತ್ತಿದ್ದರು. ನಿನ್ನೆಯೂ ತೊಳೆದ ಕಾರು. ಶ್ರೀಧರ್ ಕೂಡ ಒಬ್ಬರು. “ನಮಸ್ಕಾರಮ್ಮ” ಎಂದರು, ಪೈಪು ಬಿಡಲಿಲ್ಲ.

ಇದ್ರಿಸ್ ಕೆಲಸ ಶುರು ಮಾಡಿದ. ನನಗೆ ಅಲ್ಲಿ ಒಂದು ಕುರ್ಚಿ ಸಾಕಾಯಿತು. ಅವರೂರಿನಿಂದ ಬಂದ ಸುಣ್ಣ. ಅದನ್ನು ನೆನೆಹಾಕಿ, ಕಲಸಿ, ಬಳಿದು, ಅದು ಬಿಗಿಯುವಾಗ ಅಂಗೈಯಗಲದ ನುಣುಪು ಕಲ್ಲಿನಿಂದ ಉಜ್ಜಬೇಕು. ಗೋಡೆ ಬೆವರಿ ಹೊಳೆಯುವವರೆಗೆ ಉಜ್ಜಬೇಕು. ಆಮೇಲೆ ಆಲಿವ್ ಎಣ್ಣೆಯ ಕರಿ ಸಾಬೂನು ತಿಕ್ಕಿದರೆ ನೀರು ಒಳಗೆ ಇಳಿಯುವುದಿಲ್ಲ. ನಾವು ಬೆಲ್ಲದ ನೀರು, ಅಳಲೆಕಾಯಿ ರಸ, ಮೊಟ್ಟೆಯ ಬಿಳಿ ಹಾಕಿ ಇದೇ ಕೆಲಸ ಮಾಡುತ್ತಿದ್ದೆವು. ಆಮೇಲೆ ಸಿಮೆಂಟು ಬಂತು, ಎಲ್ಲ ಬಿಟ್ಟೆವು. ಅವರು ಬಿಡಲಿಲ್ಲ. ಇದ್ರಿಸನ ಮಣಿಕಟ್ಟು ತಿರುಗುವುದನ್ನು ನೋಡಿದರೆ ಬಾಣಂತಿ ಮಗುವಿನ ತಲೆಗೆ ಎಣ್ಣೆ ಹಚ್ಚುವ ಹಾಗಿತ್ತು. ಅವನ ಮಾತು ನನಗೆ ಅರ್ಧ ತಿಳಿಯುತ್ತಿತ್ತು, ಕೈ ಪೂರ್ತಿ ತಿಳಿಯುತ್ತಿತ್ತು.

ಗುರುವಾರ ಮಧ್ಯಾಹ್ನ ಮೂರು ಗೋಡೆಗೂ ಕೊನೆಯ ಗಾರೆ ಬಳಿದಾಯಿತು. ಆ ತಂಪಿಗೆ ಅದು ನಿಧಾನ ಬಿಗಿಯುತ್ತದೆ, ಬೆಳಿಗ್ಗೆ ಬಂದು ಉಜ್ಜುತ್ತೇನೆ ಎಂದು ಒದ್ದೆ ಪ್ಲಾಸ್ಟಿಕ್ ಹೊದಿಸಿ ಹೋದ. ಶೈಲಾ ಟೀ ಕೊಟ್ಟರು. ಟೀ ಕುಡಿಯುತ್ತಾ ನಾನು ಬಾಯಿ ಬಿಟ್ಟೆ.

“ಶೈಲಮ್ಮ, ಇಷ್ಟು ದೊಡ್ಡ ಕೆಲಸ ಶುರು ಮಾಡಿದ್ರಿ, ಪೂಜೆ ಮಾಡ್ಲೇ ಇಲ್ಲವಲ್ಲ. ನಮ್ಮ ಮೈಸೂರಲ್ಲಾಗಿದ್ರೆ ನಿಮ್ಮೋರು ಅರಿಶಿನ ಕುಂಕುಮ ಇಡೋ ತನಕ ನಮ್ಮ ಯಜಮಾನ್ರು ಕರಣೆ ಮುಟ್ತಿರ್ಲಿಲ್ಲ. ಅವರೇ ಜ್ಞಾಪಿಸೋರು.”

“ಅಯ್ಯೋ ಹೌದಲ್ಲಮ್ಮ. ಒಡೆಯೋ ಗಲಾಟೇಲಿ ಮರ್ತೇಬಿಟ್ಟೆ. ಇವರಿಗೆ ಬೇರೆ ಟೈಮ್ ಸರಿ ಇಲ್ಲ.”

ಅಷ್ಟೇ ಮಾತು. ನಾನು ಬಿಸ್ಕತ್ತು ಅದ್ದಿಕೊಂಡು ತಿಂದೆ.

ಶುಕ್ರವಾರ, ಅದೇ ಮನೆ

ಬೆಳಿಗ್ಗೆ ಹೋದರೆ ಶೈಲಾ ಬಾಗಿಲಲ್ಲೇ ಅಳುತ್ತಾ ನಿಂತಿದ್ದರು. ಬಚ್ಚಲಿಗೆ ಮೊದಲು ಕಾಲಿಟ್ಟ ಇದ್ರಿಸ್ ಎರಡು ಹೆಜ್ಜೆ ಹಿಂದೆ ಬಂದ.

“ಬ್ಲಡ್? ಹೂ ಈಸ್ ಹರ್ಟ್?”

ಬೆಳ್ಳಗಿನ ಮೂರೂ ಗೋಡೆಯ ಮೇಲೆ ಸೊಂಟದ ಎತ್ತರಕ್ಕೆ ಸಾಲಾಗಿ ಕೆಂಪು ಬೊಟ್ಟು. ಪ್ರತಿ ಬೊಟ್ಟಿನಿಂದಲೂ ಕೆಳಗೆ ನೆಲದವರೆಗೆ ಕೆಂಪು ಇಳಿದಿತ್ತು. ಕುರಿ ಕಡಿದ ಜಾಗದ ಹಾಗೆ.

ನನಗೆ ಯಾರೂ ಹೇಳಬೇಕಾಗಲಿಲ್ಲ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಆರತಿ ತಟ್ಟೆಯ ನೀರನ್ನು ಇದೇ ಶೈಲಾ ಎಷ್ಟು ಸಲ ಹಾಗೆ ಕಲಸಿರುತ್ತಾರೋ. ಶುಕ್ರವಾರ ಒಳ್ಳೆಯ ದಿನವೆಂದು ಆಕೆ ಬೇಗ ಎದ್ದು, ತಲೆಗೆ ಸ್ನಾನ ಮಾಡಿ, ಪ್ಲಾಸ್ಟಿಕ್ ಸರಿಸಿ, ಅರಿಶಿನ ಕಲಸಿ ಭಕ್ತಿಯಿಂದ ಗೋಡೆಗಿಟ್ಟಿದ್ದರು. ಈ ಗೋಡೆಯೇ ಸುಣ್ಣ ಎಂಬುದು ಹೊಳೆದಿರಲಿಲ್ಲ. ಊರಿನಲ್ಲಿ ಯಾರೂ ಹಸಿ ಗಾರೆಗೆ ಇಡುವುದಿಲ್ಲ, ಬಾಗಿಲ ಚೌಕಟ್ಟಿಗೆ ಇಡುತ್ತಾರೆ. ಅದನ್ನು ಬಾಯಿ ಬಿಟ್ಟು ಹೇಳಬೇಕಾಗಿ ಬರುತ್ತದೆಂದು ನನಗೂ ಹೊಳೆದಿರಲಿಲ್ಲ.

ಇದ್ರಿಸ್ ಬೆರಳಿಂದ ಕೆರೆದು ನೋಡಿದ. ಬಣ್ಣ ಒಳಗೆ ಇಳಿದಿತ್ತು. ಮೂರೂ ಗೋಡೆ ಪೂರ್ತಿ ಕೆರೆಯಬೇಕು, ನಡುವೆ ತೇಪೆ ಹಾಕಿದರೆ ಉಜ್ಜುವಾಗ ಗೆರೆ ಎದ್ದು ಕಾಣುತ್ತದೆ ಎಂದ. ಅವನ ಸುಣ್ಣ ಉಳಿದಿರುವುದು ಅರ್ಧ ಚೀಲ. ಅವರೂರಿನಿಂದ ಮತ್ತೆ ಬರಬೇಕಾದರೆ ತಿಂಗಳುಗಳು.

ಶ್ರೀಧರ್ ಬಂದು ಇಣುಕಿದರು. ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು.

“ಸಾಕು ಝೋಯಾ. ಬಿಳೀ ಟೈಲ್ಸ್ ಹಾಕಿಸಿ ಮುಗಿಸಿಬಿಡೋಣ. ನಾನು ಹೇಗೂ ಮನೇಲೇ ಇದ್ದೀನಲ್ಲ, ನಾನೇ ಹೋಗಿ ತರ್ತೀನಿ.”

“ಶೈಲಮ್ಮನ ತಪ್ಪಲ್ಲ ಅದು. ಪೂಜೆ ಮಾಡಿ ಅಂತ ಚುಚ್ಚಿದ್ದು ನಾನು” ಎಂದೆ.

ಝೋಯಾ ನನ್ನ ಮುಖ ನೋಡಿದಳು. “ನಾನಿ, ವೈ ಡು ಯು ಹ್ಯಾವ್ ಟು ಟಾಕ್?” ಅಂದು ಹೊರಗೆ ಹೋಗಿ ಕಾರಿನಲ್ಲಿ ಕುಳಿತಳು. ಕೇಳಿದ್ದು ಸರಿಯಾಗಿಯೇ ಇತ್ತು. ಮೊದಲ ಕೆಲಸ ಹೀಗೆ ಟೈಲ್ಸಿನಲ್ಲಿ ಮುಗಿದರೆ ಎರಡನೆಯದನ್ನು ಯಾರು ಕೊಡುತ್ತಾರೆ? ಹುಡುಗಿ ಸೂಟ್‌ಕೇಸಿನ ಜಿಪ್ಪು ಎಳೆದು ತೋರಿಸುತ್ತಾ ಕೂರುವುದು ನನ್ನ ಒಂದು ಕಪ್ ಟೀಯಿಂದ.

ಅತ್ತು ಕೂರುವುದು ನನಗೆ ಬರುವುದಿಲ್ಲ. ಗೋಡೆಯನ್ನೇ ನೋಡುತ್ತಾ ನಿಂತೆ. ಸೊಂಟದಿಂದ ಮೇಲೆ ಹಾಲಿನಂತೆ ಸ್ವಚ್ಛ. ಕೆಟ್ಟದ್ದೆಲ್ಲ ಕೆಳಗೆ. ನಮ್ಮ ಕಡೆ ಹಳೇ ಮನೆಗಳಲ್ಲಿ ಗೋಡೆಯ ಬುಡಕ್ಕೆ ಕಾವಿ ಬಳಿಯುತ್ತಾರೆ, ಮೇಲೆ ಬಿಳಿ, ಕೆಳಗೆ ಕೆಂಪು. ಕೆಸರು ಸಿಡಿದರೂ ಕಾಣಬಾರದೆಂದು. ಇದ್ರಿಸನ ತೋಳು ಹಿಡಿದು ಎಳೆದು, ನೆಲದಿಂದ ಸೊಂಟದವರೆಗೆ ಅಂಗೈ ಆಡಿಸಿ, ಆ ಕೆಂಪನ್ನೇ ತೋರಿಸಿ, ಪೂರ್ತಿ ಎಂದು ಸನ್ನೆ ಮಾಡಿದೆ. ಅವನು ತನ್ನ ಎದೆ ಮುಟ್ಟಿಕೊಂಡು, “ಮಾಯ್ ಮದರ್ಸ್ ಹೌಸ್” ಎಂದ. ಅವರೂರಿನಲ್ಲೂ ಗೋಡೆಗೆ ಕೆಂಪು ಬುಡವಂತೆ. ವ್ಯಾನಿಗೆ ಓಡಿ ಕೆಮ್ಮಣ್ಣಿನ ಪುಡಿಯ ಡಬ್ಬ ತಂದ. ಕೆಳಗಿನ ಅರ್ಧವನ್ನಷ್ಟೇ ಕೆರೆದು ಬಳಿಯಲು ಉಳಿದ ಸುಣ್ಣ ಸಾಕು.

ನಾನು ಕಾರಿನ ಗಾಜು ತಟ್ಟಿದೆ. “ಇಳಿ. ಗೋಡೆ ಬಿಗಿಯುತ್ತಾ ಇದೆ. ಬೈಯೋದಿದ್ರೆ ಆಮೇಲೆ ಬೈಯಿ.”

ಇಳಿದು ಬಂದು ನೋಡಿದಳು. ಮೂಗು ಒರೆಸಿಕೊಂಡಳು. ಆಮೇಲೆ ನಡೆದದ್ದು ಅವಳ ವಿದ್ಯೆ, ನನ್ನದಲ್ಲ. ಬರೀ ಬುಡಕ್ಕೆ ಬಳಿದರೆ ಮುಚ್ಚಿಹಾಕಿದ ಹಾಗೆ ಕಾಣುತ್ತದೆ ಎಂದಳು. ಕೆಂಪಿನ ಅಂಚು ಕಲ್ಲಿನ ತೊಟ್ಟಿಯ ಅಂಚಿಗೆ ಸರಿಯಾಗಿ ಬರಬೇಕು, ಅದಕ್ಕೆ ತೊಟ್ಟಿಯನ್ನೇ ನಾಲ್ಕು ಬೆರಳು ಮೇಲೆ ಕೂರಿಸಬೇಕು ಎಂದಳು. ಪೆನ್ಸಿಲ್ ತೆಗೆದು ಶ್ರೀಧರ್ ಎದುರಿಗೇ ಕಾಗದದ ಮೇಲೆ ಬರೆದಳು.

“ಅಂಕಲ್, ಗಿವ್ ಮಿ ಟುಡೇ. ಇವತ್ತೊಂದು ದಿನ.”

ಅವರು ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದರು. “ಇವತ್ತು ನನಗೂ ಬೇರೆ ಕೆಲಸ ಇಲ್ಲ. ಏನು ಎತ್ತಿಕೊಡ್ಬೇಕು ಹೇಳು.”

ಬಕೆಟ್ ಎತ್ತಿಕೊಟ್ಟರು, ಸಂಜೆಯವರೆಗೆ. ಬಿಳಿ ಕೆಂಪು ಸೇರುವ ಕಡೆ ಗೆರೆಗೆ ನಾನು ದಾರದ ಒಂದು ತುದಿ ಹಿಡಿದೆ, ಇದ್ರಿಸ್ ಇನ್ನೊಂದು. ಝೋಯಾ ನಡುವೆ ಎಳೆದು ಬಿಟ್ಟಳು, ಟಪ್ಪೆಂದು ಗೆರೆ ಬಿತ್ತು. ಆ ಗೆರೆಯ ಮೇಲೆ ಇದ್ರಿಸ್ ಸಣ್ಣ ಕೊರೆತ ಕೊಟ್ಟ, ಹೊಸ ಗಾರೆ ಹಳೇ ಗಾರೆ ಸೇರಿದ ಜಾಗ ಅದರಲ್ಲಿ ಅಡಗಿತು. ಆಮೇಲೆ ಉಜ್ಜಿದ, ಉಜ್ಜಿದ, ಉಜ್ಜಿದ. ಮಾರನೆಯ ದಿನ ಬಂದು ಸಾಬೂನು ತಿಕ್ಕಿದ. ಮೂರು ವಾರ ನೀರು ಸೋಕಿಸಬೇಡಿ, ಆಮೇಲೆ ನೋಡೋಣ, ಗೋಡೆ ನಿಲ್ಲುವುದೂ ಸಿಪ್ಪೆ ಏಳುವುದೂ ಅಲ್ಲಾಹನಿಗೆ ಗೊತ್ತು ಎಂದು ಹೋದ.

ಮತ್ತೊಮ್ಮೆ ಮನ್ರೋ

ಮೂರು ವಾರ ಝೋಯಾ ಫೋನು ಬಂದಾಗಲೆಲ್ಲ ಬೆಚ್ಚಿದಳು. ನಾನು ಊರಿಗೆ ಹೊರಡುವ ನಾಲ್ಕು ದಿನ ಮುಂಚೆ ಶೈಲಾ ಕರೆದರು. ಗೋಡೆಯನ್ನು ಇನ್ನೂ ಯಾರೂ ಒದ್ದೆ ಮಾಡಿರಲಿಲ್ಲ.

“ಮೊದಲನೇ ಸ್ನಾನ ನೀವೇ ಮಾಡ್ಬೇಕಮ್ಮ.”

“ನಾನು ಬೆಳಿಗ್ಗೇನೇ ಮಾಡ್ಕೊಂಡು ಬಂದಿದೀನಿ.”

“ಇನ್ನೊಂದು ಸಲ ಮಾಡಿದ್ರೆ ಸವೆದುಹೋಗಲ್ಲ. ನೀವು ಹಿರಿಯರು, ಕೆಲಸ ತಿಳಿದೋರು. ಬನ್ನಿ.”

ಹೊಸ ಟವೆಲ್ಲು ಕೈಗಿಟ್ಟು ತಳ್ಳಿದರು. ಬಾಗಿಲು ಹಾಕಿಕೊಂಡೆ. ಶವರ್ ಬಿಟ್ಟು ಬಕೆಟ್ಟಿಗೆ ನೀರು ತುಂಬಿಸಿಕೊಂಡೆ. ಮೈಗೆ ಹಾಕಿಕೊಳ್ಳುವ ಮೊದಲು ಗೋಡೆಗೆ ಹಾಕಿದೆ, ಒಂದು ಚೊಂಬು, ಎರಡು ಚೊಂಬು, ಬಿಸಿ, ತಣ್ಣೀರು. ಮಲ್ಲಿಗೆ ಮೊಗ್ಗಿನಷ್ಟು ಹನಿಗಳು ನಿಂತು ಜಾರಿಬಿದ್ದವು. ಮೂರೂ ಗೋಡೆಯ ಮೇಲೆ ಅಂಗೈ ಆಡಿಸಿದೆ, ಬಿರುಕು ಹುಡುಕಿದೆ, ಗೆಣ್ಣಿನಿಂದ ತಟ್ಟಿ ಪೊಳ್ಳು ಹುಡುಕಿದೆ. ಮೂಲೆಯಲ್ಲಿ ಗೆರೆಯ ಮೇಲೆ ಸಾಸಿವೆಯಷ್ಟು ಒಂದು ಕೆಂಪು ಚುಕ್ಕೆ ಉಳಿದಿತ್ತು. ಇರಲಿ. ಕೆಂಪು ಬುಡ, ಬಿಳಿ ಮೈ, ಕಿಟಕಿಯಿಂದ ಬಿಸಿಲು. ನಮ್ಮ ಯಜಮಾನರ ಕೈಯಲ್ಲೂ ಇಷ್ಟು ಚಂದದ ಬಚ್ಚಲು ಆಗಿರಲಿಲ್ಲ. ಇದ್ದದ್ದನ್ನು ಹೇಳಬೇಕು.

ತಲೆ ಒದ್ದೆ ಮಾಡಿಕೊಂಡು ಹೊರಗೆ ಬಂದಾಗ ಮೂವರೂ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಹಾಗೆ ನಿಂತಿದ್ದರು.

“ನೀರು ಕುಡೀತಾ?” ಶ್ರೀಧರ್ ಕೇಳಿದರು.

“ಒಂದು ತೊಟ್ಟೂ ಇಲ್ಲ. ಗೋಡೆ ಹಿಡಿದಿದೆ.”

ಝೋಯಾ ಗೋಡೆಗೆ ಒರಗಿಕೊಂಡಳು. ಶೈಲಾ ಆಗಲೇ ಫೋನು ಹಿಡಿದು ಎಡಿಸನ್ ಎಂಬ ಊರಿನ ಗೆಳತಿಯೊಬ್ಬರಿಗೆ ಹೇಳುತ್ತಿದ್ದರು: “ಇಲ್ಲ ಕಣೇ, ಪೇಂಟ್ ಅಲ್ಲ, ಸುಣ್ಣ! ಬಂದು ಮುಟ್ಟಿ ನೋಡು. ಹುಡುಗಿ ನಂಬರ್ ಕೊಡ್ತೀನಿ.”

ವಾಪಸು ಬರುವ ದಾರಿಯಲ್ಲೇ ಆ ಗೆಳತಿಯ ಫೋನು ಬಂತು. ಝೋಯಾ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಮಾತಾಡಿದಳು. ಈ ವಾರ ಆಗುವುದಿಲ್ಲ, ಸೋಮವಾರ ಬಂದು ಅಡುಗೆಮನೆ ನೋಡುತ್ತೇನೆ ಎಂದಳು. ಈ ವಾರ ಅವಳಿಗೆ ಒಂದು ಕೆಲಸವೂ ಇರಲಿಲ್ಲ. ಫೋನು ಇಟ್ಟು ನನ್ನ ಕಡೆ ತಿರುಗಿದಳು.

“ನಾನಿ, ಅಂಗಡಿ ಕೌಂಟರ್‌ಗೆ ಬೇರೆ ಯಾರನ್ನಾದ್ರೂ ನೋಡ್ಕೋ ಅಂತ ಅಬ್ಬಾಗೆ ನೀನೇ ಹೇಳ್ತೀಯಾ?”

“ನಾನು ಮಾತಾಡಿದ್ದು ಸಾಲದೇ? ನಿನ್ನಪ್ಪ, ನೀನೇ ಹೇಳು.”

ಹೇಳಿದಳು. ಆವತ್ತು ಸಂಜೆ ಸಲೀಂ ಕೈತೊಳೆದು ಬಂದು ಕೂತ ಕೂಡಲೇ, ರೆಹಾನಾ ಇನ್ನೂ ಸಾರು ಬಡಿಸುವ ಮೊದಲೇ, ಗಂಟೆಯಂಥ ದನಿಯಲ್ಲಿ ಹೇಳಿದಳು. ಆಮೇಲೆ ಎರಡು ಸಲ ಅನ್ನ ಹಾಕಿಸಿಕೊಂಡಳು.